ಆಂಗ್ಲ ಪದಗಳಲ್ಲಿ ತೀವ್ರತೆಯ ತರತಮ

ಇಂಗ್ಲಿಷಿನ ಸಮಾನಾರ್ಥಕ ಕೋಶವನ್ನು ಕೈಗೆತ್ತಿಕೊಂಡು ಕೋಪವನ್ನು ಸೂಚಿಸುವ ಪದವೊಂದನ್ನು ಅರಸುವವರಿಗೆ ಎದುರಾಗುವ ನೋಟ ವಿಚಿತ್ರವಾದದ್ದು. ‘ಅನಾಯ್ಡ್’, ‘ಕ್ರಾಸ್’, ‘ಇರಿಟೇಟೆಡ್’, ‘ಆ್ಯಂಗ್ರಿ’, ‘ಇಂಡಿಗ್ನಂಟ್’, ‘ಎನ್‌ರೇಜ್ಡ್’, ‘ಫ್ಯೂರಿಯಸ್’, ‘ಲಿವಿಡ್’ ಎಂಬ ಪದಗಳು ಸಂತೆಯ ಜನರಂತೆ ಒಂದೇ ಸಾಲಿನಲ್ಲಿ ಒತ್ತರಿಸಿಕೊಂಡು ನಿಂತಿರುತ್ತವೆ. ಇವುಗಳಲ್ಲಿ ಯಾವುದು ಹಗುರ, ಯಾವುದು ಭಾರ, ಯಾವುದರಿಂದ ಯಾವುದಕ್ಕೆ ಎಷ್ಟು ಮೆಟ್ಟಿಲು ಎಂಬುದನ್ನು ಕೋಶವು ಹೇಳುವುದಿಲ್ಲ. 1816ರಲ್ಲಿ ಜಾರ್ಜ್ ಕ್ರ್ಯಾಬ್ ಆಂಗ್ಲ ಸಮಾನಾರ್ಥಕಗಳನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ ಪದಪದಗಳ ನಡುವಣ ಭೇದವನ್ನು ಗದ್ಯದಲ್ಲಿ ವಿವರಿಸುವ ಕ್ರಮವನ್ನು ಅನುಸರಿಸಿದ. 1852ರ ರೋಜೆಯ ‘ಥೆಸಾರಸ್’ ಆ ವಿವರಣೆಯನ್ನು ಕೈಬಿಟ್ಟು, ಪದಗಳನ್ನು ಭಾವನೆಗಳ ಕೋಷ್ಟಕದಲ್ಲಿ ಹಂಚಿತು. ಆ ಹಂಚಿಕೆ ಮಹತ್ತರವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಮನೆಯಷ್ಟೇ ಗೊತ್ತಾಗುತ್ತದೆ, ಮಹಡಿ ಗೊತ್ತಾಗುವುದಿಲ್ಲ.

ತಾಯ ಮಡಿಲಲ್ಲಿ ಇಂಗ್ಲಿಷನ್ನು ಕಲಿತವನಿಗೆ ಈ ಕೊರತೆ ಅಷ್ಟಾಗಿ ಬಾಧಿಸದು. ಅವನು ಮಹಡಿಯನ್ನು ಕಿವಿಯಿಂದ ಬಲ್ಲ. ಪುಸ್ತಕದಿಂದ ಇಂಗ್ಲಿಷನ್ನು ಕಲಿತು, ಅದನ್ನು ಸಂಬಳದ ಭಾಷೆಯಾಗಿ ಬಳಸುವವನ ಪಾಡು ಬೇರೆ. ಅವನ ಮನೆಯ ಭಾಷೆ ಕನ್ನಡ, ಬೀದಿಯ ಭಾಷೆ ಮರಾಠಿಯೋ ತಮಿಳೋ ತೆಲುಗೋ ಹಿಂದಿಯೋ, ಕಚೇರಿಯ ಭಾಷೆ ಇಂಗ್ಲಿಷ್. ಅಂಥವನ ಕೈಯಲ್ಲಿ ಹಗುರವಾದ ಅತೃಪ್ತಿಗೆ ‘ಫ್ಯೂರಿಯಸ್’ ಬರಬಹುದು. ನಿಜವಾದ ಆಪತ್ತಿಗೆ ‘ಇನ್‌ಕನ್ವೀನಿಯನ್ಸ್’ ಬರಬಹುದು. ವ್ಯಾಕರಣದ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಲ್ಪಡುತ್ತದೆ. ತೂಕದ ತಪ್ಪು ಹಾಗೆ ಕಾಣುವಂಥದಲ್ಲ. ಪತ್ರವನ್ನು ಓದಿದವರು ಮೌನವಾಗಿ ಬೇರೊಂದು ಅರ್ಥವನ್ನು ಕಟ್ಟಿಕೊಂಡು ಮುಂದೆ ಹೋಗುತ್ತಾರೆ.

ಪದಗಳನ್ನು ತೀವ್ರತೆಯ ಕ್ರಮದಲ್ಲಿ ಜೋಡಿಸುವುದಕ್ಕೆ ಒರೆಗಲ್ಲು ಇದೆಯೆ? ಇದೆ, ಒಂದಲ್ಲ, ಎರಡು ಮೂರು. ಮೊದಲನೆಯದು ‘ಇಫ್ ನಾಟ್’ ಎಂಬ ಚೌಕಟ್ಟು. ‘ವಾರ್ಮ್, ಇಫ್ ನಾಟ್ ಹಾಟ್’ ಎಂದರೆ ಆಂಗ್ಲ ಕಿವಿಗೆ ಸಹಜ: ಬೆಚ್ಚಗಂತೂ ಇದೆ, ಬಿಸಿ ಎಂದರೂ ಎನ್ನಬಹುದು. ಇದನ್ನೇ ತಿರುಗಿಸಿ ‘ಹಾಟ್, ಇಫ್ ನಾಟ್ ವಾರ್ಮ್’ ಎಂದರೆ ಮಾತು ಕುಂಟುತ್ತದೆ. ಯಾವ ಪದ ‘ಇಫ್ ನಾಟ್’ನ ಬಲಗಡೆ ನಿಲ್ಲಬಲ್ಲುದೋ ಅದು ಮೇಲಿನ ಮೆಟ್ಟಿಲು. ‘ಡಿಫಿಕಲ್ಟ್, ಇಫ್ ನಾಟ್ ಇಂಪಾಸಿಬಲ್’, ‘ಮೆನಿ, ಇಫ್ ನಾಟ್ ಮೋಸ್ಟ್’, ‘ಡಿಸ್‌ಲೈಕ್, ಇಫ್ ನಾಟ್ ಹೇಟ್’ ಇವೆಲ್ಲ ಅದೇ ಅಚ್ಚಿನಲ್ಲಿ ಎರಕಗೊಂಡವು. ಕನ್ನಡದಲ್ಲಿ ‘ಇಷ್ಟೇ ಅಲ್ಲ’ ಎಂಬುದು ಈ ಕೆಲಸವನ್ನು ಮಾಡುತ್ತದೆ: ‘ಬೆಚ್ಚಗಿರುವುದಷ್ಟೇ ಅಲ್ಲ, ಬಿಸಿಯಾಗಿದೆ’ ಎನ್ನುತ್ತೇವೆ, ‘ಬಿಸಿಯಷ್ಟೇ ಅಲ್ಲ, ಬೆಚ್ಚಗಿದೆ’ ಎನ್ನುವವರಿಲ್ಲ.

ಎರಡನೆಯ ಒರೆಗಲ್ಲು, ಪದದ ಹಿಂದೆ ಯಾವ ವಿಶೇಷಣ ನಿಲ್ಲುತ್ತದೆಂಬುದು. ‘ಕೋಲ್ಡ್’ ಎಂಬುದನ್ನು ‘ವೆರಿ ಕೋಲ್ಡ್’ ಎಂದು ಏರಿಸಬಹುದು. ‘ಫ್ರೀಜಿಂಗ್’ ಎಂಬುದನ್ನು ‘ವೆರಿ ಫ್ರೀಜಿಂಗ್’ ಎಂದು ಏರಿಸುವ ವಾಡಿಕೆಯಿಲ್ಲ. ಅಲ್ಲಿ ‘ಆ್ಯಬ್ಸೊಲ್ಯೂಟ್ಲಿ’ ಬರಬೇಕು. ಕಾರಣ ಸರಳವಾದದ್ದು: ‘ಫ್ರೀಜಿಂಗ್’, ‘ಫ್ಯೂರಿಯಸ್’, ‘ಎನಾರ್ಮಸ್’, ‘ಎಕ್ಸಾಸ್ಟೆಡ್’ ಮೊದಲಾದವು ‘ವೆರಿ’ಯನ್ನು ಆಗಲೇ ಹೊಟ್ಟೆಯೊಳಗೆ ಇಟ್ಟುಕೊಂಡಿವೆ. ಕನ್ನಡದ ‘ಬಹಳ’ ಎಂಬ ಉದಾರಿ ಎಲ್ಲ ಪದಗಳ ಹಿಂದೆಯೂ ನಿಲ್ಲುವುದರಿಂದ ಕನ್ನಡಿಗರ ಇಂಗ್ಲಿಷಿನಲ್ಲಿ ‘ವೆರಿ ಎಕ್ಸಲೆಂಟ್’, ‘ವೆರಿ ಎಸೆನ್ಷಿಯಲ್’ ಎಂಬವು ಧಾರಾಳವಾಗಿ ಕಾಣಿಸಿಕೊಳ್ಳುತ್ತವೆ. ‘ಕ್ವೈಟ್’ ಎಂಬುದಂತೂ ಇಬ್ಬಗೆಯ ನಾಲಗೆಯ ಪದ. ‘ಕ್ವೈಟ್ ಇಂಪಾಸಿಬಲ್’ ಎಂದಾಗ ಅದು ಪೂರ್ಣತೆಯನ್ನು ಹೇಳುತ್ತದೆ. ‘ಕ್ವೈಟ್ ಗುಡ್’ ಎಂದಾಗ ಇಂಗ್ಲೆಂಡಿನವನ ಬಾಯಲ್ಲಿ ಹೊಗಳಿಕೆಯನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಅದೇ ಮಾತು ಅಮೆರಿಕದವನ ಬಾಯಲ್ಲಿ ಹೊಗಳಿಕೆಯನ್ನು ಏರಿಸುವುದೇ ಹೆಚ್ಚು. ‘ಫೇರ್‌ಲಿ ವಾರ್ಮ್’ ಮತ್ತು ‘ರಾದರ್ ವಾರ್ಮ್’ ಎಂಬವುಗಳ ನಡುವೆ ಉಷ್ಣಮಾಪಕದಲ್ಲಿ ವ್ಯತ್ಯಾಸವಿಲ್ಲದಿರಬಹುದು. ಮೊದಲನೆಯದರಲ್ಲಿ ತೃಪ್ತಿಯಿದೆ, ಎರಡನೆಯದರಲ್ಲಿ ಬೆವರು ಒರೆಸಿಕೊಳ್ಳುವ ಅಸಮಾಧಾನವಿದೆ.

ಮೆಟ್ಟಿಲು ಎಂದೊಡನೆ ಅದಕ್ಕೊಂದು ನೆಲ ಬೇಕಾಗುತ್ತದೆ. ಈ ವಿಷಯವನ್ನು ಮೂಲದಿಂದ ಪರಿಶೀಲಿಸಿದವನು ಅಮೆರಿಕದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್. ಅವನು 1939ರಲ್ಲಿ ತೀರಿಕೊಂಡ. ತರತಮವನ್ನು ಕುರಿತ ಅವನ ಪ್ರಬಂಧ 1944ರಲ್ಲಿ ಬೆಳಕು ಕಂಡಿತು. ಅಳತೆಗೂ ಎಣಿಕೆಗೂ ಮುಂಚೆ ಮನುಷ್ಯನ ಮನಸ್ಸಿನಲ್ಲಿರುವುದು ತರತಮ. ‘ದೊಡ್ಡದು’ ಎಂಬ ಪದದೊಳಗೆ ‘ಇದಕ್ಕಿಂತ ದೊಡ್ಡದು’ ಎಂಬ ಹೋಲಿಕೆ ಅಡಗಿ ಕುಳಿತಿರುತ್ತದೆ ಎಂಬುದು ಅವನ ವಾದದ ತಿರುಳು. ದೊಡ್ಡ ಇಲಿ ಚಿಕ್ಕ ಆನೆಗಿಂತ ಚಿಕ್ಕದಾಗಿಯೇ ಉಳಿಯುವುದು ಇದರಿಂದಲೇ. 40 ಡಿಗ್ರಿಯ ದಿನ ಸುಡುವ ದಿನ, 40 ಡಿಗ್ರಿಯ ಕಾಫಿ ಆರಿದ ಕಾಫಿ. ಹೀಗಿರುವಾಗ ‘ವಾರ್ಮ್’, ‘ಹಾಟ್’ ಎಂಬವನ್ನು ಡಿಗ್ರಿಗಳ ಲೆಕ್ಕದಲ್ಲಿ ಕಟ್ಟಿಹಾಕುವುದು ಅಸಾಧ್ಯ. ಅವುಗಳ ಪರಸ್ಪರ ಕ್ರಮ ಮಾತ್ರ ಎಲ್ಲೆಡೆಯೂ ಉಳಿದುಬರುತ್ತದೆ. ಕ್ರಮ ಸ್ಥಿರ, ನೆಲ ಚರ.

ಕ್ರಮವಾದರೂ ಯಾವಾಗಲೂ ಒಂದೇ ಗೆರೆಯಲ್ಲಿ ಇರುತ್ತದೆಯೆ ಎಂಬುದು ಮುಂದಿನ ಪ್ರಶ್ನೆ. ಕೋಪದ ಪದಗಳಿಗೆ ಮರಳಿದರೆ ‘ಅನಾಯ್ಡ್’, ‘ಆ್ಯಂಗ್ರಿ’, ‘ಫ್ಯೂರಿಯಸ್’ ಎಂಬವು ನಿರಾಯಾಸವಾಗಿ ಮೆಟ್ಟಿಲು ಹತ್ತುತ್ತವೆ. ‘ಇಂಡಿಗ್ನಂಟ್’ ಹತ್ತುವುದಿಲ್ಲ. ಅದು ‘ಆ್ಯಂಗ್ರಿ’ಗಿಂತ ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ; ಅನ್ಯಾಯವನ್ನು ಕಂಡು ಹುಟ್ಟಿದ ಕೋಪ ಅದು. ಕಾಲಿಗೆ ಕಲ್ಲು ತಗುಲಿದವನು ‘ಆ್ಯಂಗ್ರಿ’ ಆಗಬಹುದು, ‘ಇಂಡಿಗ್ನಂಟ್’ ಆಗಲಾರ. ಕನ್ನಡದಲ್ಲಿಯೂ ಸಿಡುಕು, ಸಿಟ್ಟು, ರೋಷ, ಕ್ರೋಧ ಎಂಬ ಏಣಿಯ ಪಕ್ಕದಲ್ಲಿ ‘ಮುನಿಸು’ ಬೇರೆಯಾಗಿ ನಿಲ್ಲುತ್ತದೆ. ಮುನಿಸಿಗೆ ಪ್ರೀತಿಯ ಸಂಬಂಧ ಬೇಕು. ಅಪರಿಚಿತನ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಆದ್ದರಿಂದ ಪದಗಳನ್ನು ತೀವ್ರತೆಯಲ್ಲಿ ಜೋಡಿಸುವವನ ಮೊದಲ ಕರ್ತವ್ಯ, ಏಣಿಗೆ ಸೇರದವುಗಳನ್ನು ಹೊರಗೆ ಕೂರಿಸುವುದು. ಶಾಲೆಯ ಅಭ್ಯಾಸ ಪುಸ್ತಕಗಳು ಈ ಶೋಧನೆಯನ್ನು ಮಾಡದೆ ಆರೇಳು ಪದಗಳನ್ನು ಕೊಟ್ಟು ‘ಕ್ರಮವಾಗಿ ಬರೆಯಿರಿ’ ಎನ್ನುವುದು ಮಕ್ಕಳಿಗೆ ಮಾಡುವ ಅನ್ಯಾಯ.

ನಗೆಯ ವಿಷಯದಲ್ಲಿ ಈ ಶೋಧನೆಯನ್ನು ನಮ್ಮವರು ಬಹು ಹಿಂದೆಯೇ ಮಾಡಿದ್ದರು. ಭರತನ ನಾಟ್ಯಶಾಸ್ತ್ರದ ರಸಾಧ್ಯಾಯದಲ್ಲಿ ಹಾಸ್ಯಕ್ಕೆ ಆರು ಮೆಟ್ಟಿಲುಗಳಿವೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಸ್ಮಿತದಲ್ಲಿ ಕೆನ್ನೆ ತುಸು ಅರಳುತ್ತದೆ, ಹಲ್ಲು ಕಾಣದು; ಹಸಿತದಲ್ಲಿ ಹಲ್ಲು ತುಸು ಕಾಣುತ್ತದೆ; ವಿಹಸಿತದಲ್ಲಿ ಮೃದುವಾದ ಧ್ವನಿ ಸೇರುತ್ತದೆ; ಉಪಹಸಿತದಲ್ಲಿ ಮೂಗಿನ ಹೊಳ್ಳೆ ಅರಳಿ ಹೆಗಲು ಬಾಗುತ್ತದೆ; ಅಪಹಸಿತದಲ್ಲಿ ಕಣ್ಣಲ್ಲಿ ನೀರು ಬಂದು ತಲೆ ಹೆಗಲುಗಳು ಅಲುಗಾಡುತ್ತವೆ; ಅತಿಹಸಿತದಲ್ಲಿ ಪಕ್ಕೆಗಳನ್ನು ಕೈಯಿಂದ ಹಿಡಿದುಕೊಳ್ಳಬೇಕಾಗುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಏಣಿಯ ಮೆಟ್ಟಿಲನ್ನು ಗುರುತಿಸುವುದು ನಗುವವನ ಅಂತರಂಗವಲ್ಲ, ಹೊರಗೆ ಕಾಣುವ ಚಿಹ್ನೆ. ನಟನಿಗೆ ಬೇಕಾದದ್ದು ಅದೇ. ಎರಡೆರಡು ಮೆಟ್ಟಿಲುಗಳನ್ನು ಉತ್ತಮ, ಮಧ್ಯಮ, ಅಧಮ ಪಾತ್ರಗಳಿಗೆ ಹಂಚಿರುವುದು ಮಾತ್ರ ಇಂದಿನವರಿಗೆ ಒಪ್ಪಿಗೆಯಾಗದು; ಗಟ್ಟಿಯಾಗಿ ನಗುವ ಹಕ್ಕು ಉತ್ತಮರಿಗಿಲ್ಲವೆಂಬುದು ಉತ್ತಮರ ದುರದೃಷ್ಟವೆನ್ನಬೇಕು. ಇದರ ಪಕ್ಕದಲ್ಲಿ ಇಂಗ್ಲಿಷಿನ ‘ಸ್ಮೈಲ್’, ‘ಚಕ್‌ಲ್’, ‘ಗಿಗ್‌ಲ್’, ‘ಲಾಫ್’, ‘ಗಫಾ’ ಎಂಬ ಸಾಲನ್ನು ಇಟ್ಟರೆ ಅದರ ಹಂದರ ಸಡಿಲವಾಗಿ ಕಾಣುತ್ತದೆ. ‘ಚಕ್‌ಲ್’ ಒಳಗೊಳಗೇ ನಗುವ ರೀತಿ, ‘ಗಿಗ್‌ಲ್’ ಎಳೆಯರ ಅಥವಾ ಸಂಕೋಚದ ನಗೆ. ಅವು ಬಗೆಗಳು, ಮೆಟ್ಟಿಲುಗಳಲ್ಲ.

ಮೆಟ್ಟಿಲುಗಳು ಸವೆಯುತ್ತವೆಂಬುದು ಇನ್ನೊಂದು ತೊಡಕು. ‘ಸೂನ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ಈಗಲೇ’ ಎಂಬ ಅರ್ಥದಲ್ಲಿತ್ತು, ‘ಪ್ರೆಸೆಂಟ್ಲಿ’ಯೂ ಅಷ್ಟೇ. ಮನುಷ್ಯನ ಸೋಮಾರಿತನ ಎರಡನ್ನೂ ‘ಸ್ವಲ್ಪ ಹೊತ್ತಿನ ಮೇಲೆ’ ಎಂಬಲ್ಲಿಗೆ ಜಾರಿಸಿತು. ನಮ್ಮ ‘ಬಂದೆ’ ಎಂಬ ಮಾತಿನ ಗತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ‘ಆಫುಲ್’ ಎಂಬುದು ಭಯಭಕ್ತಿಯನ್ನು ಹುಟ್ಟಿಸುವ ಪದವಾಗಿತ್ತು, ಈಗ ಕೆಟ್ಟ ಊಟಕ್ಕೂ ಸಲ್ಲುತ್ತದೆ. ‘ಟೆರಿಬಲ್’ ಮತ್ತು ‘ಟೆರಿಫಿಕ್’ ಎರಡೂ ಭೀತಿಯ ಮನೆತನದವು. ಒಂದು ನಿಂದೆಯಾಯಿತು, ಇನ್ನೊಂದು ಹೊಗಳಿಕೆಯಾಯಿತು. ಬಳಕೆಯ ಭಾರಕ್ಕೆ ಮೇಲಿನ ಪದಗಳು ಕೆಳಗಿಳಿಯುತ್ತವೆ. ಬರಿದಾದ ಜಾಗಕ್ಕೆ ಹೊಸ ಪದಗಳನ್ನು ತರಬೇಕಾಗುತ್ತದೆ. ಐವತ್ತು ವರ್ಷ ಹಳೆಯ ಕೋಶವನ್ನು ನಂಬಿ ಇಂದಿನ ಏಣಿಯನ್ನು ಕಟ್ಟಬಾರದು.

ಇಷ್ಟು ಪೀಠಿಕೆಯ ಮೇಲೆ ವಿಷಯದ ಮರ್ಮಕ್ಕೆ ಬರಬಹುದು. ಏಣಿಯ ಮೇಲಿನ ಪದವೊಂದು ತನ್ನ ಅರ್ಥವನ್ನು ಮಾತ್ರ ಹೇಳುವುದಿಲ್ಲ. ತನ್ನ ಮೇಲಿನ ಪದವನ್ನು ಅಲ್ಲಗಳೆಯುತ್ತದೆ. ‘ಕೆಲವು ಮಾವಿನ ಹಣ್ಣು ಕೊಳೆತಿವೆ’ ಎಂದರೆ ‘ಎಲ್ಲವೂ ಕೊಳೆತಿಲ್ಲ’ ಎಂದು ಕೇಳುಗನು ತಿಳಿಯುತ್ತಾನೆ. ತರ್ಕಶಾಸ್ತ್ರದ ಪ್ರಕಾರ ‘ಕೆಲವು’ ಎಂಬುದು ‘ಎಲ್ಲ’ವನ್ನು ನಿಷೇಧಿಸುವುದಿಲ್ಲ, ಎಲ್ಲವೂ ಕೊಳೆತಿದ್ದರೂ ಕೆಲವು ಕೊಳೆತಿವೆ ಎಂಬ ಮಾತು ಸುಳ್ಳಲ್ಲ. ಆದರೂ ಕೇಳುಗನು ಹಾಗೆ ತಿಳಿಯಲು ಕಾರಣ, ಬಲವಾದ ಪದ ಕೈಯಳತೆಯಲ್ಲಿದ್ದಾಗ ದುರ್ಬಲ ಪದವನ್ನು ಆಯ್ದುಕೊಂಡವನು ಬಲವಾದದ್ದನ್ನು ಹೇಳಲು ಒಪ್ಪಲಿಲ್ಲವೆಂಬ ಊಹೆ. ಸಂಭಾಷಣೆಯ ಈ ಅಲಿಖಿತ ಒಪ್ಪಂದವನ್ನು ದಾರ್ಶನಿಕ ಪಾಲ್ ಗ್ರೈಸ್ 1967ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ನಿರೂಪಿಸಿದ. ಲಾರೆನ್ಸ್ ಹಾರ್ನ್ 1972ರ ತನ್ನ ಪ್ರಬಂಧದಲ್ಲಿ ಅದನ್ನು ಪದಗಳ ಏಣಿಗಳಿಗೆ ಅನ್ವಯಿಸಿದ. ‘ಆಲ್, ಮೋಸ್ಟ್, ಮೆನಿ, ಸಮ್’ ಎಂಬ ಬಗೆಯ ಸಾಲುಗಳಿಗೆ ಭಾಷಾವಿಜ್ಞಾನದಲ್ಲಿ ಇಂದು ಹಾರ್ನ್ ಏಣಿಗಳೆಂದೇ ಹೆಸರು.

ಈ ತತ್ತ್ವ ವಿದ್ವಾಂಸರ ಕೊಠಡಿಯಲ್ಲಿಯೇ ಉಳಿಯುವಂಥದಲ್ಲ. ಸರಕಾರಿ ನೌಕರಿಯ ಗೋಪ್ಯ ವರದಿಗಳಲ್ಲಿ ‘ಔಟ್‌ಸ್ಟ್ಯಾಂಡಿಂಗ್’, ‘ವೆರಿ ಗುಡ್’, ‘ಗುಡ್’, ‘ಆ್ಯವರೇಜ್’, ‘ಪೂರ್’ ಎಂಬ ಏಣಿ ಬಹುಕಾಲದಿಂದ ನಡೆದುಬಂದಿದೆ. ಗಡಿ ರಸ್ತೆಗಳ ಇಂಜಿನಿಯರಿಂಗ್ ಸೇವೆಯ ಅಧಿಕಾರಿಯೊಬ್ಬರ ವಿಷಯದಲ್ಲಿ ಇದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬಡ್ತಿಗೆ ಐದು ವರ್ಷಗಳ ವರದಿಯಲ್ಲಿ ‘ವೆರಿ ಗುಡ್’ ಇರಬೇಕೆಂಬುದು ನಿಯಮ. 1993-94ರ ವರದಿಯಲ್ಲಿ ಅವರಿಗೆ ದೊರೆತಿದ್ದದ್ದು ‘ಗುಡ್’. ಪ್ರತಿಕೂಲವಾದ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸಬೇಕೆಂಬ ಪದ್ಧತಿಯಿದ್ದುದರಿಂದ, ‘ಒಳ್ಳೆಯದು’ ಎಂಬ ಮಾತನ್ನು ಯಾರೂ ಅವರಿಗೆ ತಿಳಿಸಲಿಲ್ಲ, ಬಡ್ತಿ ತಪ್ಪಿಹೋಯಿತು. ದೇವದತ್ತ ವಿರುದ್ಧ ಭಾರತ ಒಕ್ಕೂಟ ಎಂಬ ಈ ಮೊಕದ್ದಮೆಯಲ್ಲಿ 2008ರ ಮೇ ತಿಂಗಳಲ್ಲಿ ಬಂದ ತೀರ್ಪು, ‘ಗುಡ್’ ಎಂಬ ಷರಾ ಅಲ್ಲಿ ಪರಿಣಾಮದಲ್ಲಿ ಪ್ರತಿಕೂಲವೇ ಎಂದು ಹೇಳಿ, ಒಳ್ಳೆಯದಿರಲಿ ಕೆಟ್ಟದಿರಲಿ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದು ವಿಧಿಸಿತು. 2013ರಲ್ಲಿ ಮೂವರು ನ್ಯಾಯಾಧೀಶರ ಪೀಠ ಸುಖದೇವ್ ಸಿಂಗ್ ಮೊಕದ್ದಮೆಯಲ್ಲಿ ಇದನ್ನು ದೃಢಪಡಿಸಿತು. ನಿಘಂಟನ್ನು ತೆರೆದು ನೋಡಿದರೆ ‘ಗುಡ್’ ಎಂಬುದರಲ್ಲಿ ನಿಂದೆಯ ಲೇಶವೂ ಇಲ್ಲ. ಅದನ್ನು ಬರೆದವನ ಮುಂದೆ ‘ವೆರಿ ಗುಡ್’ ಎಂಬ ಪದವಿದ್ದು, ಅವನು ಅದನ್ನು ಬಳಸಲಿಲ್ಲವೆಂಬುದರಲ್ಲಿಯೇ ನಿಂದೆಯೆಲ್ಲ ಅಡಗಿತ್ತು. ಗ್ರೈಸನ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಪಠ್ಯಪುಸ್ತಕಗಳಲ್ಲಿ ಕಾಣುವುದು ಕಷ್ಟ.

ನೌಕರಿಯ ಶಿಸ್ತಿನ ಶಬ್ದಗಳೂ ಇಂಥವೇ. 1965ರ ಕೇಂದ್ರ ನಾಗರಿಕ ಸೇವಾ ನಿಯಮಗಳಲ್ಲಿ ‘ಸೆನ್ಶರ್’ ಎಂಬುದು ಲಘು ದಂಡನೆಗಳಲ್ಲಿ ಮೊದಲನೆಯದು. ‘ವಾರ್ನಿಂಗ್’ ದಂಡನೆಯೇ ಅಲ್ಲ. ಮಾತಿನ ಬಿಸಿಯನ್ನು ನೋಡಿದರೆ ‘ವಾರ್ನಿಂಗ್’ ಹೆಚ್ಚು ಬೆದರಿಸುತ್ತದೆ. ಕನ್ನಡಕ್ಕೆ ತರುವವರು ಒಂದನ್ನು ‘ಎಚ್ಚರಿಕೆ’ ಎಂದೂ ಇನ್ನೊಂದನ್ನು ‘ಛೀಮಾರಿ’ ಎಂದೂ ಬೇರೆಬೇರೆಯಾಗಿಯೇ ಇಡುವುದು ಕ್ಷೇಮ.

ಏಣಿಯ ಈ ಅಸ್ಥಿರತೆಯಿಂದ ಕೆಲಸ ಕೆಡುವ ಕಡೆಗಳಲ್ಲಿ ಜನರು ಪದಕ್ಕೆ ಸಂಖ್ಯೆಯನ್ನು ಕಟ್ಟಿದ್ದಾರೆ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1806ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ಗಾಳಿಯ ಏಣಿಯೊಂದನ್ನು ಬರೆದುಕೊಂಡ. ಅದರ ನೆಲೆಗೊಂಡ ರೂಪದಲ್ಲಿ ಸೊನ್ನೆಯಿಂದ 12ರವರೆಗೆ ಹದಿಮೂರು ಮೆಟ್ಟಿಲು. ಕೆಳಗೆ ‘ಕಾಮ್’, ಮೇಲೆ ‘ಹರಿಕೇನ್’. ಯುದ್ಧನೌಕೆ ಎಷ್ಟು ಹಾಯಿಗಳನ್ನು ಬಿಚ್ಚಿ ಸಾಗಬಲ್ಲುದೆಂಬುದೇ ಅಳತೆಗೋಲು. ಯಾವ ಹಾಯಿಯೂ ತಾಳಲಾರದ್ದು ‘ಹರಿಕೇನ್’. 1831ರಿಂದ 1836ರವರೆಗೆ ಡಾರ್ವಿನ್ನನನ್ನು ಹೊತ್ತು ನಡೆದ ಬೀಗಲ್ ನೌಕೆಯಲ್ಲಿ ಇದು ಬಳಕೆಯಾಯಿತು. 1838ರಲ್ಲಿ ನೌಕಾಪಡೆ ಅದನ್ನು ಅಂಗೀಕರಿಸಿತು. ಹಾಯಿಹಡಗುಗಳ ಕಾಲ ಕಳೆದ ಮೇಲೆ 1906ರಲ್ಲಿ ಜಾರ್ಜ್ ಸಿಂಪ್ಸನ್ ಎಂಬ ವಿಜ್ಞಾನಿ ನೆಲದ ಮೇಲಿನ ಚಿಹ್ನೆಗಳನ್ನು ಸೇರಿಸಿಕೊಟ್ಟ: ಹೊಗೆ ನೆಟ್ಟಗೆ ಏರುವುದು, ಎಲೆ ಸದ್ದುಮಾಡುವುದು, ಧೂಳೂ ಕಾಗದದ ಚೂರೂ ಏಳುವುದು, ಕೊಡೆ ಹಿಡಿಯುವುದು ಕಷ್ಟವಾಗುವುದು. ಅದೇ ವರ್ಷ ಆತ ಭಾರತದ ಹವಾಮಾನ ಇಲಾಖೆಗೆ ಸೇರಿ ಸಿಮ್ಲಾಕ್ಕೆ ಬಂದ. ಅಲ್ಲಿಂದಲೇ ಸ್ಕಾಟನ ದಕ್ಷಿಣಧ್ರುವ ಯಾತ್ರೆಗೂ ಹೋಗಿಬಂದ. ಭರತನ ಸ್ಮಿತ ಹಸಿತಗಳಂತೆ ಇಲ್ಲಿಯೂ ಮೆಟ್ಟಿಲನ್ನು ನಿರ್ಧರಿಸುವುದು ಕಣ್ಣಿಗೆ ಕಾಣುವ ಚಿಹ್ನೆ ಎಂಬುದು ಗಮನಾರ್ಹ. ಈ ಏಣಿಯಲ್ಲಿ ‘ಬ್ರೀಜ್’ ಎಂಬುದಕ್ಕೆ ಐದು ಮೆಟ್ಟಿಲುಗಳಿವೆ: ‘ಲೈಟ್’, ‘ಜೆಂಟ್‌ಲ್’, ‘ಮಾಡರೇಟ್’, ‘ಫ್ರೆಶ್’, ‘ಸ್ಟ್ರಾಂಗ್’. ‘ಲೈಟ್’ಗಿಂತ ‘ಜೆಂಟ್‌ಲ್’ ಬಲವಾದದ್ದೆಂದಾಗಲಿ, ‘ಮಾಡರೇಟ್’ಗಿಂತ ‘ಫ್ರೆಶ್’ ಒಂದು ಮೆಟ್ಟಿಲು ಮೇಲೆಂದಾಗಲಿ ಯಾವ ನಿಘಂಟಿನಿಂದಲೂ ಊಹಿಸಲಾಗದು. ಅಲ್ಲಿ ಪದಗಳು ಹೆಸರಿಗಷ್ಟೇ ಪದಗಳು. ನಿಜವಾಗಿ ಅವು ಅಂಕಿಗಳ ವೇಷ.

ಸಂಖ್ಯೆಯನ್ನು ಕಟ್ಟದಿದ್ದರೆ ಆಗುವ ಪರಿಣಾಮಕ್ಕೆ ಶೆರ್ಮನ್ ಕೆಂಟನ ಪ್ರಸಂಗ ಸಾಕ್ಷಿ. ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿ ಅಂದಾಜು ವರದಿಗಳನ್ನು ಸಿದ್ಧಪಡಿಸುತ್ತಿದ್ದವನು ಈತ. 1951ರಲ್ಲಿ ಯುಗೋಸ್ಲಾವಿಯದ ಮೇಲೆ ಆಕ್ರಮಣವಾಗುವುದು ‘ಸೀರಿಯಸ್ ಪಾಸಿಬಿಲಿಟಿ’ ಎಂದು ವರದಿ ಹೇಳಿತು. ಇದರರ್ಥವೇನೆಂದು ಹೊರಗಿನವರೊಬ್ಬರು ಕೇಳಿದಾಗ ಕೆಂಟನು ನೂರಕ್ಕೆ 65ರಷ್ಟು ಸಂಭವವೆಂದ. ಕೇಳಿದವರು ಬೆಚ್ಚಿದರು, ಅವರು ಅದಕ್ಕಿಂತ ಬಹಳ ಕಡಮೆಯೆಂದು ಭಾವಿಸಿದ್ದರು. ಅನಂತರ ಕೆಂಟನು ವರದಿಗೆ ಒಪ್ಪಿಗೆ ಕೊಟ್ಟಿದ್ದ ತನ್ನ ಸಹೋದ್ಯೋಗಿಗಳನ್ನೇ ಒಬ್ಬೊಬ್ಬರಾಗಿ ವಿಚಾರಿಸಿದ. ಒಬ್ಬನ ಮನಸ್ಸಿನಲ್ಲಿ 80ಕ್ಕೆ 20ರ ಸಂಭವವಿದ್ದರೆ ಮತ್ತೊಬ್ಬನ ಮನಸ್ಸಿನಲ್ಲಿ 20ಕ್ಕೆ 80. ಒಂದೇ ವಾಕ್ಯಕ್ಕೆ ಎಲ್ಲರೂ ಸಹಿ ಹಾಕಿದ್ದರು. ಒಪ್ಪಿದ್ದು ವಾಕ್ಯಕ್ಕೆ ಮಾತ್ರ, ವಿಷಯಕ್ಕಲ್ಲ! 1964ರಲ್ಲಿ ಬರೆದ ಲೇಖನದಲ್ಲಿ ಕೆಂಟನು ‘ಆಲ್ಮೋಸ್ಟ್ ಸರ್ಟನ್’ ಎಂದರೆ ಸುಮಾರು 93, ‘ಪ್ರಾಬಬಲ್’ ಎಂದರೆ ಸುಮಾರು 75 ಎಂಬಂತೆ ಏಣಿಯನ್ನು ಸೂಚಿಸಿದ. ಅಂಕಿಗಳನ್ನು ಪ್ರೀತಿಸುವವರನ್ನೂ ಪದಗಳನ್ನು ಪ್ರೀತಿಸುವವರನ್ನೂ ಎರಡು ಜಾತಿಯಾಗಿ ವಿಂಗಡಿಸಿ, ಎರಡನೆಯವರಿಗೆ ಕವಿಗಳೆಂಬ ಹೆಸರಿಟ್ಟು ಆತ ಪರಿಹಾಸ್ಯ ಮಾಡಿದ್ದಾನೆ. ಇಂದು ಹವಾಗುಣ ಬದಲಾವಣೆಯನ್ನು ಕುರಿತ ಅಂತರ ಸರಕಾರಿ ಸಮಿತಿಯ ವರದಿಗಳಲ್ಲಿ ‘ಲೈಕ್ಲಿ’ ಎಂದರೆ ನೂರಕ್ಕೆ 66ರಿಂದ 100, ‘ವೆರಿ ಲೈಕ್ಲಿ’ ಎಂದರೆ 90ರಿಂದ 100 ಎಂದು ನಿಗದಿಯಾಗಿರುವುದು ಇದೇ ದಾರಿಯ ಮುಂದುವರಿಕೆ.

ಹಣದ ವ್ಯವಹಾರದಲ್ಲಿ ಈ ವೇಷಧಾರಿ ಪದಗಳು ಸಾಮಾನ್ಯ ಓದುಗನನ್ನು ದಾರಿ ತಪ್ಪಿಸುವ ಬಗೆ ವಿಶೇಷವಾಗಿ ಪರಿಶೀಲನಾರ್ಹ. ಸಾಲಪತ್ರಗಳ ಯೋಗ್ಯತೆಯನ್ನು ಸೂಚಿಸುವ ಚಿಹ್ನೆಗಳಿಗೆ ‘ಸೆಬಿ’ಯು 2011ರಲ್ಲಿ ಏಕರೂಪದ ವಿವರಣೆಯನ್ನು ಕೊಟ್ಟಿತು. ಮೇಲಿಂದ ಕೆಳಕ್ಕೆ ಸುರಕ್ಷತೆ ‘ಹೈಯೆಸ್ಟ್’, ‘ಹೈ’, ‘ಆ್ಯಡಿಕ್ವೇಟ್’, ‘ಮಾಡರೇಟ್’; ಅಲ್ಲಿಂದ ಮುಂದೆ ಗಂಡಾಂತರ ‘ಮಾಡರೇಟ್’, ‘ಹೈ’, ‘ವೆರಿ ಹೈ’. ಏಣಿಯು ನಟ್ಟನಡುವೆ ತಲೆಕೆಳಗಾಗುವುದನ್ನು ಗಮನಿಸಬೇಕು. ‘ಮಾಡರೇಟ್’ ಎಂಬ ಒಂದೇ ಪದ ಎರಡು ಪಕ್ಕದ ಮೆಟ್ಟಿಲುಗಳಲ್ಲಿ ಕೂತಿದೆ: ಒಂದರಲ್ಲಿ ಸುರಕ್ಷತೆಯ ಕೊನೆಯ ಕೊಂಡಿಯಾಗಿ, ಇನ್ನೊಂದರಲ್ಲಿ ಅಪಾಯದ ಮೊದಲ ಹೆಜ್ಜೆಯಾಗಿ. ಲೋಕದ ಮಾತಿನಲ್ಲಿ ‘ಆ್ಯಡಿಕ್ವೇಟ್’ ಎಂಬುದು ಒಲ್ಲದ ಮನಸ್ಸಿನ ಹೊಗಳಿಕೆ. ಇಲ್ಲಿ ಅದು ಮೇಲಿನಿಂದ ಮೂರನೆಯ ಗೌರವಸ್ಥಾನ. ಬ್ಯಾಂಕಿನ ಖಾತೆಗಳಲ್ಲಿಯೂ ಅಷ್ಟೇ. 90 ದಿನಗಳಿಗೂ ಮಿಕ್ಕಿ ಬಾಕಿ ನಿಂತ ಸಾಲ ‘ಸಬ್‌ಸ್ಟ್ಯಾಂಡರ್ಡ್’ ಆಗುತ್ತದೆ. ಆ ವರ್ಗದಲ್ಲಿ 12 ತಿಂಗಳು ಕಳೆದರೆ ‘ಡೌಟ್‌ಫುಲ್’. ಅದರ ಕೆಳಗೆ ‘ಲಾಸ್’. ‘ಡೌಟ್‌ಫುಲ್’ ಎಂಬುದನ್ನು ‘ಸಂದೇಹಾಸ್ಪದ’ ಎಂದು ಕನ್ನಡಿಸಿದರೆ ಸಾಲಗಾರನ ನಡತೆಯ ಮೇಲೆ ಸಂಶಯವೆಂಬ ಅಪಾರ್ಥ ಹುಟ್ಟುತ್ತದೆ. ‘ವಸೂಲಿ ಸಂಶಯ’ ಎಂದರೆ ಮಾತು ಸೊಗಸಾಗಿಲ್ಲದಿದ್ದರೂ ಮಾನಹಾನಿಯಾಗದು.

ಕಾನೂನು ಮೂರನೆಯ ದಾರಿಯನ್ನು ಹಿಡಿದಿದೆ. ಅದು ಪಟ್ಟಿಯಿಂದ ಮೆಟ್ಟಿಲನ್ನು ಕಟ್ಟುತ್ತದೆ. 1860ರ ದಂಡಸಂಹಿತೆಯಲ್ಲಿ ‘ಹರ್ಟ್’ ಎಂಬುದು ಯಾವಾಗ ‘ಗ್ರೀವಸ್ ಹರ್ಟ್’ ಆಗುತ್ತದೆಂಬುದಕ್ಕೆ ಎಂಟು ಬಾಬುಗಳಿದ್ದವು. ಕೊನೆಯದರಲ್ಲಿ 20 ದಿನಗಳ ತೀವ್ರ ನೋವಿನ ಲೆಕ್ಕವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ 20 ದಿನ 15 ದಿನವಾಗಿದೆ. ಪದ ಹಾಗೆಯೇ ಇದೆ, ಮೆಟ್ಟಿಲಿನ ಎತ್ತರ ಬದಲಾಗಿದೆ.

ಕನ್ನಡದ ಸಂಪತ್ತು ಈ ವಿಷಯದಲ್ಲಿ ಎಷ್ಟು? ವಸ್ತುತಃ ಬಡತನವೇನೂ ಇಲ್ಲ. ಕಡೆ ಎಂಬುದು ಕಟ್ಟಕಡೆಯಾಗುತ್ತದೆ, ತುದಿ ತುತ್ತತುದಿಯಾಗುತ್ತದೆ, ಬಯಲು ಬಟ್ಟಬಯಲಾಗುತ್ತದೆ. ಪದದ ತಲೆಯನ್ನೇ ಮತ್ತೊಮ್ಮೆ ಉಚ್ಚರಿಸಿ ಅದನ್ನು ತುದಿಗೇರಿಸುವ ಈ ಉಪಾಯ ಇಂಗ್ಲಿಷಿಗೆ ದೊರೆತಿಲ್ಲ. ‘ಕಡು’ ಎಂಬ ಪೂರ್ವಪದ ಬಡವನನ್ನು ಕಡುಬಡವನನ್ನಾಗಿಯೂ ಕೆಂಪನ್ನು ಕಡುಗೆಂಪನ್ನಾಗಿಯೂ ಮಾಡುತ್ತದೆ. ಸಂಸ್ಕೃತದ ‘ತರ’, ‘ತಮ’ ಪ್ರತ್ಯಯಗಳಂತೂ ಸಿದ್ಧವಾದ ಎರಡು ಮೆಟ್ಟಿಲುಗಳು. ಆ ಎರಡನ್ನೂ ಬೆಸೆದು ಹುಟ್ಟಿದ ‘ತಾರತಮ್ಯ’ ಎಂಬ ಶಬ್ದವೇ ಈ ಶಾಸ್ತ್ರಕ್ಕೆ ತಕ್ಕ ಹೆಸರಾಗಿತ್ತು. ಮಧ್ವಮತದಲ್ಲಿ ದೇವತೆಗಳ, ಜೀವರ ಮೇಲುಕೆಳಗಿನ ಕ್ರಮಕ್ಕೆ ಅದು ಪಾರಿಭಾಷಿಕವಾಗಿ ಇಂದಿಗೂ ನಿಂತಿದೆ. ಪತ್ರಿಕೆಯ ಕನ್ನಡದಲ್ಲಿ ಅದು ‘ಪಕ್ಷಪಾತ’ ಎಂಬ ಅರ್ಥಕ್ಕೆ ಜಾರಿರುವುದರಿಂದ, ಪದಗಳ ತಾರತಮ್ಯ ಎಂದರೆ ಪದಗಳಿಗೆ ಅನ್ಯಾಯವಾಯಿತೆಂದು ಓದುಗರು ತಿಳಿದಾರು.

ತೊಡಕಿರುವುದು ಕನ್ನಡದ ಪದಗಳು ಒಂದೇ ಗೆರೆಯಲ್ಲಿ ನಿಲ್ಲದಿರುವುದರಲ್ಲಿ. ಮಳೆಯನ್ನೇ ನೋಡಬಹುದು. ತುಂತುರು ಹನಿಯ ಗಾತ್ರವನ್ನು ಹೇಳುತ್ತದೆ. ಸೋನೆ ಸಣ್ಣದಾದರೂ ಬಿಡದೆ ಹಿಡಿಯುವುದನ್ನು ಹೇಳುತ್ತದೆ. ಜಡಿ ಎಂಬುದು ಎಡೆಬಿಡದ ದಿನಗಳನ್ನು, ಬಿರುಮಳೆ ವೇಗವನ್ನು, ಮುಸಲಧಾರೆ ಧಾರೆಯ ದಪ್ಪವನ್ನು ಹೇಳುತ್ತದೆ. ರೈತನಿಗೆ ಈ ಭೇದಗಳು ಬೇಕು. ಹವಾಮಾನ ಇಲಾಖೆಯ ಏಣಿಗೆ ಬೇಕಾದದ್ದು ಒಂದೇ, 24 ಗಂಟೆಗಳಲ್ಲಿ ಬಿದ್ದ ಮಿಲಿಮೀಟರ್. ಅದರಲ್ಲಿ 15.6ರಿಂದ 64.4ರವರೆಗೆ ‘ಮಾಡರೇಟ್’, 64.5ರಿಂದ 115.5ರವರೆಗೆ ‘ಹೆವಿ’, 115.6ರಿಂದ 204.4ರವರೆಗೆ ‘ವೆರಿ ಹೆವಿ’, 204.5 ಮತ್ತು ಅದಕ್ಕೂ ಮೇಲ್ಪಟ್ಟದ್ದು ‘ಎಕ್ಸ್‌ಟ್ರೀಮ್ಲಿ ಹೆವಿ’. 2005ರ ಜುಲೈ 26ರಂದು ಮುಂಬಯಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್. ಅದು ‘ಹೆವಿ’ಯ ಹೊಸ್ತಿಲು. ಅದೇ ಊರಿನ ಸಾಂತಾಕ್ರೂಜಿನಲ್ಲಿ ಬಿದ್ದದ್ದು 944 ಮಿಲಿಮೀಟರ್. ತುತ್ತತುದಿಯ ಮೆಟ್ಟಿಲು ಎಲ್ಲಿ ಆರಂಭವಾಗುತ್ತದೆಯೋ ಅದರ ನಾಲ್ಕೂವರೆ ಪಾಲಿಗೂ ಮಿಕ್ಕಿದ ಈ ಮಳೆಗೆ ಏಣಿಯಲ್ಲಿ ಬೇರೆ ಹೆಸರಿಲ್ಲ. 205ಕ್ಕೂ 944ಕ್ಕೂ ಒಂದೇ ಪದ. ಕೊಲಾಬಾದಲ್ಲಿ ಕುಳಿತು ಸಾಧಾರಣ ಮಳೆಗಾಲದ ದಿನವೆಂದು ತಿಳಿದಿದ್ದವರಿಗೂ ಉತ್ತರದ ಉಪನಗರಗಳಲ್ಲಿ ಎದೆಮಟ್ಟದ ನೀರಿನಲ್ಲಿ ರಾತ್ರಿ ಕಳೆದವರಿಗೂ ಅಂದು ‘ಮಳೆ’ ಎಂಬ ಪದದಲ್ಲಿ ಒಂದೇ ಅರ್ಥವಿದ್ದಿರಲಾರದು.

ಈ ನಾಲ್ಕು ಮೆಟ್ಟಿಲುಗಳು ಕನ್ನಡಕ್ಕೆ ಬರುವಾಗ ಆಗುವುದೇನೆಂದರೆ, ಮೊದಲನೆಯದು ‘ಸಾಧಾರಣ’ವಾಗಿ ಉಳಿದು, ಮಿಕ್ಕ ಮೂರೂ ‘ಭಾರಿ ಮಳೆ’ ಎಂಬ ಒಂದೇ ಕೊಡೆಯ ಕೆಳಗೆ ಸೇರಿಬಿಡುತ್ತವೆ. ‘ವೆರಿ’ಯನ್ನೂ ‘ಎಕ್ಸ್‌ಟ್ರೀಮ್ಲಿ’ಯನ್ನೂ ‘ಅತಿ’ ಎಂದೇ ಅನುವಾದಿಸುವ ವಾಡಿಕೆಯಿಂದ, ಇಲಾಖೆಯು ಒಂದು ಮೆಟ್ಟಿಲು ಏರಿಸಿದಾಗ ಓದುಗನಿಗೆ ಅದು ಗೊತ್ತಾಗುವುದೇ ಇಲ್ಲ. ‘ಭಾರಿ’, ‘ಬಹಳ ಭಾರಿ’, ‘ಕಡುಭಾರಿ’ ಎಂದು ಮೂರನ್ನು ಬೇರೆಬೇರೆಯಾಗಿ ನಿಲ್ಲಿಸಿ, ಪ್ರತಿಸಲವೂ ಅದೇ ಪದಕ್ಕೆ ಅದೇ ಅಂಕಿಯೆಂದು ಪತ್ರಿಕೆಗಳೂ ಆಕಾಶವಾಣಿಯೂ ಪಾಲಿಸಿದರೆ, ಕೆಲವು ಮಳೆಗಾಲಗಳಲ್ಲಿ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ‘ಕಡುಭಾರಿ’ ಮೊದಲಿಗೆ ಕೃತಕವೆನಿಸಬಹುದು. ‘ಫ್ರೆಶ್ ಬ್ರೀಜ್’ ಎಂಬುದೂ ನಾವಿಕರ ಕಿವಿಗೆ ಅಭ್ಯಾಸದಿಂದಲೇ ಒಗ್ಗಿದ್ದು. ಪದದ ಸೊಗಸಿಗಿಂತ ಇಲ್ಲಿ ಮುಖ್ಯವಾದದ್ದು, ಕೆಳಗಿನ ಮೆಟ್ಟಿಲಿನ ದಿನ ಮೇಲಿನ ಪದವನ್ನು ಖರ್ಚು ಮಾಡದಿರುವುದು. 70 ಮಿಲಿಮೀಟರಿನ ಮಳೆಗೆ ‘ಕುಂಭದ್ರೋಣ’ ಎಂದು ಶೀರ್ಷಿಕೆ ಹಾಕಿದವರ ಬಳಿ 300 ಮಿಲಿಮೀಟರಿನ ದಿನಕ್ಕೆ ಪದ ಉಳಿದಿರುವುದಿಲ್ಲ.